ಸಕ್ಕರಿ ಕೂಡಿತು, ಚಾಚಾ ಹೊರಗ

ಮಾಸ್ತರಕಿ ಮಾಡಿದವರಿಗೆ ನಗೋ ಸಂಗತಿಗೇನು ಕಡಿಮಿರಿ? ಅದರಾಗೂ ಬೀದರ ಮೈಸೂರು ರಾಜ್ಯಕ್ಕ ಕೂಡಿದ ಹೊಸದರಾಗ ನಮ್ಮ ಭಾಲ್ಕಿ ಸಾಲ್ಯಾಗ ದಿನಕ್ಕೊಂದು ಪಜೀತಿ. ನಾ ವಿಜ್ಞಾನ ಕಲಿತದ್ದೆಲ್ಲ ಉರ್ದುದಾಗ, ಈಗ ಕನ್ನಡದಾಗ ಕಲಿಸಬೇಕು. ಇನ್‌ಸ್ಪೆಕ್ಟರ್ ಬಂದು ಪಾಠ ನೋಡಿ 'ಇವರಿಂದ ಆಗೋದಿಲ್ಲ' ಅಂದ್ರ ಪಾಠ ಬಿಟ್ಟು ಕಚೇರ್ಯಾಗ ಫೈಲು ಹೊಲಿಯೋದು. ಖರೇ ಹೇಳ್ತೇನಿ, ಭಾಳ ಹೆದರಿದ್ದೆ.

೧. ಹಲಗಿ

ಮೊದಲನೇ ಪಾಠ ಸಕ್ಕರಿದು. ಕನ್ನಡ ಬಾಯಾಗ ಅದ, ಕೈಯಾಗ ಇನ್ನೂ ಬಲದಿಂದ ಎಡಕ್ಕ ಬರಿಯೋ ಉರ್ದು. ಗಡಬಡಿಯೊಳಗ ಹಲಗಿ ಬಲಗಡಿ ಅಂಚಿಗೆ ಹೋಗಿ 'ಸ' ಬರ್ದೆ. ಮುಂದಿನ ಅಕ್ಷರಕ್ಕ ಜಾಗಾನೇ ಇಲ್ಲ! ಎಡಗಡಿ ಪೂರಾ ಖಾಲಿ. ಮುಂದ ಕುಂತ ಹುಡುಗಿ ಎದ್ದು ಕೇಳಿದ್ಲು: "ಸರ್, ಉಳಿದದ್ದು ಗ್ವಾಡಿ ಮ್ಯಾಲ ಬರೀತೀರೇನ್ರಿ?"

೨. ಹನಿ

"ಗ್ಲೂಕೋಸ್, ಫ್ರುಕ್ಟೋಸ್ ಅಂತ ಎರಡು ಸಣ್ಣ ಸಕ್ಕರಿ. ಕೈ ಕೂಡಿಸಿದ್ರ ನಾವು ಚಹಾಕ್ಕ ಹಾಕೋ ಸಕ್ಕರಿ. ಕೂಡುವಾಗ ನಡುವಿಂದ ನೀರಿನ ಒಂದು ಕಣ ಹೊರಗ ಹೋಗ್ತದ" ಅಂದೆ.

ಖಟಕ ಚಿಂಚೋಳಿ ಊರಿನ ಒಬ್ಬ ಹುಡುಗ ಕೇಳಿದ: "ಆ ನೀರು ನೀವು ನೋಡೀರೇನ್ರಿ?"

"ಇಲ್ಲಪಾ."

"ಹಂಗಾದ್ರ ತಿಳೀಲಿಲ್ಲಂದ್ರ ನಮಗ್ಯಾಕ ಬೈತೀರಿ, ನಮಗೂ ಕಾಣ್ವಲ್ದು!"

೩. ಚಾಚಾ

ಕಣ್ಣಿಗೆ ಕಾಣೋಹಂಗ ತೋರಸ್ತೇನಿ ಅಂತ, ಇನ್‌ಸ್ಪೆಕ್ಟರ್ ಬರೋ ದಿನ ಇಬ್ಬರು ಹುಡುಗರನ್ನ ಸಕ್ಕರಿ ಮಾಡಿ ನಿಲ್ಲಿಸಿದೆ. ನಡುವ ನೀರು ಅಂತ ನಮ್ಮ ಚಪರಾಸಿ ಚಾಚಾ, ಕೈಯಾಗ ಕೊಡ. ನಿಜಾಮರ ಕಾಲದಿಂದ ಸಾಲಿಗೆ ನೀರು ತುಂಬಿದವರು. ಬಿಡಿಸಿ ಹೇಳ್ಲಿಕ್ಕೆ ಪುರಸೊತ್ತಿರಲಿಲ್ಲ, "ಸುಮ್ನ ನಿಲ್ರಿ" ಅಂದಿದ್ದೆ.

ಹುಡುಗರು ಕೈ ಹಿಡಿದ್ರು. ನಾ ಚಾಚಾನ ಕಡೆ ತಿರುಗಿ ಜೋರಿಲೆ ಅಂದೆ: "ಎರಡೂ ಕೂಡಿ ಒಂದಾದ್ವು. ಇನ್ನ ನಿಮಗಿಲ್ಲಿ ಜಾಗಾ ಇಲ್ಲ. ಹೊರಗ ನಡೀರಿ!"

ಚಾಚಾನ ಮಾರಿ ಸಣ್ಣದಾಯ್ತು. ಕೊಡ ಹಿಡಕೊಂಡು ಹೋದ್ರು. ಬಾಗಿಲದಾಗೇ ಇನ್‌ಸ್ಪೆಕ್ಟರ್! ಅವರ ಮುಂದ ಕೊಡ ಇಟ್ಟು, "ಸಾಹೇಬ್, ರಾಜ್ಯ ಕೂಡಿದ್ದಕ್ಕ ನನ್ನ ನೌಕ್ರಿ ಹೋಯ್ತ್ರಿ. ಮಾಸ್ತರ್ ಸಾಬ್ ಹೊರಗ ಹಾಕಿದ್ರು" ಅಂದ್ರು.

ಮೈಸೂರು ಕಡೆಯ ಸಾಹೇಬರು ಕೆಂಪಾದ್ರು. "ಏನ್ರೀ ಮೇಷ್ಟ್ರೇ, ಇಷ್ಟು ವಯಸ್ಸಾದವರನ್ನ ಯಾಕೆ ಹೊರಗೆ ಹಾಕಿದ್ರಿ?"

ನಾ ಬಾಯಿ ತೆಗಿಯೋದರಾಗ ಇಡೀ ಕ್ಲಾಸು ಒದರಿತು: "ಎರಡು ಸಕ್ಕರಿ ಕೂಡಬೇಕಾದ್ರ ನೀರು ಹೊರಗ ಹೋಗಬೇಕ್ರಿ!"

ಸಾಹೇಬರು ಚಷ್ಮಾ ತೆಗೆದು ನಕ್ಕರು. "ಮಕ್ಕಳಿಗೆ ಪಾಠ ಬಂದಿದೆ. ನೀವೇ ಕಲಿಸಿ."

ನಾ ಓಡಿಹೋಗಿ ಚಾಚಾನ ಕೈ ಹಿಡಿದೆ. "ತಪ್ಪಾಯ್ತು ಚಾಚಾ, ನಿಮ್ಮ ನೌಕ್ರಿ ಎಲ್ಲೂ ಹೋಗಿಲ್ಲ." ಇಬ್ಬರದೂ ಒಂದೇ ಹೆದರಿಕಿ ಇತ್ತಲ್ರಿ, ನನ್ನ ಕಣ್ಣಾಗೂ ನೀರು ಬಂತು.

ಚಾಚಾ ಮಾರಿ ಒರೆಸಿಕೊಂಡು ಸಾಹೇಬರಿಗೆ ಕೇಳಿದ್ರು: "ಈ ಸಕ್ಕರಿ ಮತ್ತ ಎರಡಾಗಬೇಕಾದ್ರ?"

"ಆಗ ನೀರು ಒಳಗೆ ಬರಬೇಕು."

ಚಾಚಾ ಕೊಡ ಎತ್ತಿದ್ರು, ದಡದಡ ಒಳಗ ಬಂದ್ರು, ಆ ಇಬ್ಬರ ನಡುವ ನಿಂತ್ರು.

"ಬಿಡ್ರೋ ಕೈ! ನಾ ಬಂದೀನಿ."