ಸೂರ್ಯನ ಒಲೆಗೆ ಚಪ್ಪರ

ಸೂರ್ಯನ ಒಲೆ ಉದ್ಘಾಟನೆಯಾದ ದಿನ ಬೆಟ್ಟದಪುರದ ನಮ್ಮ ಅಂಗಳದಲ್ಲಿ ಬ್ಲಾಕ್ ಆಫೀಸಿನ ಸಾಹೇಬರಿದ್ದರು, ಚಿಕ್ಕಪ್ಪ ನಂಜೇಗೌಡರಿದ್ದರು, ಕೆಲಸವಿಲ್ಲದ ಅರ್ಧ ಊರಿತ್ತು, ಅಡುಗೆಮನೆ ಬಾಗಿಲಲ್ಲಿ ನನ್ನ ಹೆಂಡತಿ ದೇವೀರಮ್ಮ ನಿಂತಿದ್ದಳು. ಯಾರಿಗಾಗಿ ಇಷ್ಟೆಲ್ಲ ನಡೆದಿತ್ತೋ ಆ ಸೂರ್ಯನೊಬ್ಬನನ್ನು ಮಾತ್ರ ನಾವು ಒಳಗೆ ಬಿಟ್ಟಿರಲಿಲ್ಲ. ದೊಡ್ಡವರು ಮನೆಗೆ ಬಂದರೆ ಚಪ್ಪರ ಹಾಕುವುದು ನಮ್ಮ ಕಡೆಯ ಪದ್ಧತಿ. ಒಂದು ಕಿರಣವೂ ತೂರದ ಹಾಗೆ ತೆಂಗಿನ ಗರಿ ಹೊದಿಸಿ, ಅದರ ನಟ್ಟನಡುವೆ ಬಿಸಿಲಿನ ಒಲೆಯನ್ನು ಕೂರಿಸಿದ್ದೆವು.

ಸೀಮೆಎಣ್ಣೆಗೆ ಡಬ್ಬ ಹಿಡಿದು ಸಾಲುನಿಲ್ಲುತ್ತಿದ್ದ ಕಾಲ ಅದು. ಊರಿಗೆ ಕರೆಂಟಿನ ಕಂಬ ಬಂದಿತ್ತು. ಹಿಂದೆಯೇ ಕರೆಂಟೂ ಬರುತ್ತದೆ ಎಂದು ಹೇಳಿ ಹೋದವರು ಮತ್ತೆ ಬಂದಿರಲಿಲ್ಲ. ಹಸಿ ಸೌದೆ ಊದಿ ಊದಿ ದೇವೀರಮ್ಮನ ಕಣ್ಣು ಸದಾ ಕೆಂಪು. ಕಪ್ಪು ಬಳಿದು, ಗಾಜು ಮುಚ್ಚಿ, ಮುಚ್ಚಳಕ್ಕೆ ಕನ್ನಡಿ ಹಾಕಿ ಬ್ಲಾಕ್ ಆಫೀಸಿನವರು ಕೊಟ್ಟ ಆ ಮರದ ಪೆಟ್ಟಿಗೆಯ ಒಲೆಯನ್ನು ಅವಳು ನಂಬಿದಷ್ಟು ನನ್ನನ್ನು ಎಂದೂ ನಂಬಿರಲಿಲ್ಲ. “ಇವತ್ತು ನಾನು ಒಲೆ ಅಚ್ಚಾಕಿಲ್ಲ ಕಣ್ರೀ. ಸಾಹೇಬ್ರಿಗೂ ಅದ್ರಲ್ಲೇ ಬೇಯ್ಲಿ,” ಎಂದು ಬೆಳಿಗ್ಗೆಯೇ ಸಾರಿದ್ದಳು.

ಚಿಕ್ಕಪ್ಪ ಕನ್ನಡಿಗೆ ಧಾರಾಳವಾಗಿ ವಿಭೂತಿ ಬಳಿದು ಪೂಜೆ ಮಾಡಿದರು. ಸಾಹೇಬರು ಎದ್ದರು. “ದೇಶದ ನಾಳಿನ ಶಕ್ತಿಯೆಲ್ಲ ಬಿಸಿಲಿನಿಂದಲೇ! ಇನ್ನು ಕಾಡಿನಿಂದ ಒಂದು ಕಡ್ಡಿಯೂ ಬೇಡ!” ಎಂದರು. ಹಾಗೆನ್ನುವಾಗ ಅವರು ಒರಗಿದ್ದು ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿಗೆಂದು ನಾನು ಒಟ್ಟಿಸಿದ್ದ, ಆಳೆತ್ತರದ ಸೌದೆ ರಾಶಿಗೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನೂ ನಾನೇ.

“ಮೋಡ ಆದ್ರೆ ಉಪಾಸ್ವಾ ಸಾಮಿ?” ಎಂದಿತು ಗುಂಪಿನಿಂದೊಂದು ದನಿ.

“ಅದು ತಾಂತ್ರಿಕ ವಿಷಯ. ಆಮೇಲೆ ಮಾತಾಡೋಣ.”

“ರಾತ್ರಿ ಊಟಕ್ಕೆ?”

“ಅದೂ ಆಮೇಲೆ.”

ದೇವೀರಮ್ಮ ಬಂದು ಮುಚ್ಚಳ ತೆಗೆದು ನೋಡಿದಳು. “ಅಕ್ಕಿ ನೆನೀತಾ ಅದೆ, ಬೇಯ್ತಾ ಇಲ್ಲ. ಬಿಸ್ಲೊಲೆನ ನೆಳ್ಳಲ್ಲಿ ಮಡಗಿದ್ದೀರಲ್ಲ, ಆಚ್ಗೆ ಎತ್ತಿ ಮಡಗಿ.”

“ಪೂಜೆ ಆದ್ದನ್ನ ಮಂಗಳಾರತಿಗೆ ಮುಂಚೆ ಕದಲಿಸ್ಬಾರ್ದು ಕಣವ್ವ,” ಎಂದರು ಚಿಕ್ಕಪ್ಪ.

“ಮಂಗಳಾರತಿ ಯಾವಾಗ?”

“ಅನ್ನ ಬೆಂದ್ಮೇಲೆ.”

“ಅಂಗಾರೆ ಚಪ್ಪರದ ಗರಿ ಕೀಳಿ.”

“ಕಾರ್ಯ ಮುಗಿಯೋಗಂಟ ಗರಿ ಕಿತ್ರೆ ಮನೇಗೆ ಆಗ್ಬರಾಕಿಲ್ಲ.”

ಕೊನೆಗೆ ಸಾಹೇಬರೇ ಧೈರ್ಯಮಾಡಿ ಒಂದು ಗರಿ ಸರಿಸಲು ಹೇಳಿದರು. ಸೂರ್ಯ ಒಳಗೆ ಬಂದ. ಬಂದವನು ಒಲೆಯನ್ನು ಬಿಟ್ಟು ಸಾಹೇಬರ ಬೋಳುತಲೆಯ ಮೇಲೆ ಕೂತ. ದೇಶದ ನಾಳಿನ ಶಕ್ತಿ ಅಲ್ಲಿ ಕೊಂಚ ಹೊತ್ತು ಥಳಥಳ ಹೊಳೆಯಿತು. ಗರಿಯನ್ನು ಮತ್ತೆ ಮುಚ್ಚಲು ಅಪ್ಪಣೆಯಾಯಿತು.

ದೇವೀರಮ್ಮ ನನ್ನನ್ನೊಮ್ಮೆ ದುರುಗುಟ್ಟಿ, ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಸಾಹೇಬರ ಎರಡನೆಯ ಭಾಷಣ ಮುಗಿಯುವ ಹೊತ್ತಿಗೆ ಎಲೆಯ ಮೇಲೆ ಹಬೆಯಾಡುವ ಮುದ್ದೆ, ಅನ್ನ, ಸಾರು. ಅವಳು ಆಡಿದ ಮಾತಿಗೆ ತಪ್ಪಿರಲಿಲ್ಲ, ಅಡುಗೆಮನೆಯ ಒಲೆ ತಣ್ಣಗೇ ಇತ್ತು. ಹಿತ್ತಲಲ್ಲಿ ಹಗಲಿರುಳು ಉರಿಯುತ್ತಿದ್ದ ಬ್ಯಾರನ್ನಿನ ಒಲೆಬಾಯಲ್ಲಿ ಮಡಕೆ ಇಟ್ಟು ಎಲ್ಲವನ್ನೂ ಬೇಯಿಸಿದ್ದಳು.

“ನೋಡಿದಿರಾ, ಬಿಸಿಲಿನ ಅಡುಗೆಯ ರುಚಿಯೇ ಬೇರೆ!” ಎಂದರು ಸಾಹೇಬರು, ಎರಡನೇ ಮುದ್ದೆ ಮುರಿಯುತ್ತಾ.

“ಊ ಸಾಮಿ, ವಸಿ ಸೌದೆ ಘಮಲೂ ಅದೆ,” ಎಂದರು ಚಿಕ್ಕಪ್ಪ.

ಜೀಪು ಹೋಯಿತು. ಮಾರನೆಯ ಬೆಳಿಗ್ಗೆ ದೇವೀರಮ್ಮ ಕನ್ನಡಿಯ ವಿಭೂತಿ ಒರೆಸಿ, ಪೆಟ್ಟಿಗೆಯನ್ನು ಬಟಾಬಯಲಿಗೆ ಎಳೆದು, ಒಳಗೆ ಹೆಸರುಕಾಳು ಇಟ್ಟು ಹೊಲಕ್ಕೆ ಹೋದಳು. ಮಧ್ಯಾಹ್ನ ಬಂದು ನೋಡಿದರೆ ಕಾಳು ಬೆಣ್ಣೆಯಂತೆ ಬೆಂದಿತ್ತು. ಸಾರು ಬಡಿಸಿ ಎದುರಿಗೆ ಕೂತು ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣು ಅಂದು ಕೆಂಪಾಗಿರಲಿಲ್ಲ. ಅದನ್ನು ಹೇಳಬೇಕಾದ ನಾನು ಸಾರನ್ನು ಸೊರ್ರೆಂದು ಹೀರಿ, “ಎಲ್ಲ ಸರಿ, ಹೊಗೆ ವಾಸ್ನೆ ಇಲ್ದೆ ಯಾಕೋ ಸಪ್ಪೆ,” ಎಂದೆ.

ಮರುದಿನ ಅವಳು ನನ್ನ ಪಾಲಿನ ಸಾರನ್ನು ಬೇರೆ ಮಡಕೆಗೆ ಹಾಕಿ, ಹಸಿ ಸೌದೆ ತುಂಬಿದ ಒಲೆಯ ಮೇಲಿಟ್ಟು, ಊದುಗೊಳವೆಯನ್ನು ತಂದು ನನ್ನ ಕೈಗೆ ಕೊಟ್ಟಳು.