ಒಗ್ಗರಣೆ ನಿಂತ ಮನೆ

ಕೊಪ್ಪದ ಒಂದು ಮನೆಯಲ್ಲಿ ಮೂರು ದಿನದಿಂದ ಒಗ್ಗರಣೆ ಹಾಕಿಲ್ಲವೆಂಬ ಗಂಭೀರ ವಾರ್ತೆ ಹತ್ತಿರದ ಮದ್ದೂರಿನಲ್ಲಿದ್ದ ನನಗೆ ತಲುಪಿತು. ಅದು ಯುದ್ಧದ ಕಾಲ. ಉಳಿದವರು ಬೇರೆ ವಾರ್ತೆಗಳಿಗೆ ಕಾಯುತ್ತಿದ್ದರು. ನಾನು ಹೆಲ್ತ್ ಇನ್ಸ್‌ಪೆಕ್ಟರ್ ಆದ್ದರಿಂದ ಸೈಕಲ್ ಹತ್ತಿದೆ. ಮಕ್ಕಳಿಗೆ ದಡಾರ ಎದ್ದರೆ ನಮಗೆ ಯಾರೂ ತಿಳಿಸುತ್ತಿರಲಿಲ್ಲ. ಮನೆಗೆ ದೇವಿ ಅಮ್ಮ ಬಂದಿದ್ದಾಳೆಂದು ಒಗ್ಗರಣೆ ನಿಲ್ಲಿಸುತ್ತಿದ್ದರು. ಅವಳಿಗೆ ಆ ವಾಸನೆ ಆಗದು. ಹೀಗಾಗಿ ನಾನು ಮೂಗನ್ನು ನಂಬಿ ಕೆಲಸ ಮಾಡುತ್ತಿದ್ದೆ, ಆಗಾಗ ಅದಕ್ಕೆ ತಕ್ಕ ಶಾಸ್ತಿಯೂ ಆಗುತ್ತಿತ್ತು.

೧. ಮಳವಳ್ಳಿಯ ಉಪನ್ಯಾಸ

ಅದಕ್ಕೆ ಹಿಂದಿನ ತಿಂಗಳು ಮಳವಳ್ಳಿಯಲ್ಲಿ ವಾಸನೆಯಿಲ್ಲದ ಒಂದು ಮನೆ ಹೊಕ್ಕು ದಡಾರದ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಗಂಡ ಹೆಂಡತಿ ಕೈಕಟ್ಟಿ ಕೇಳಿದರು. ಕೊನೆಗೆ ಯಜಮಾನ, "ಎಲ್ಲಾ ಸರಿ ಸ್ವಾಮಿ. ನಮ್ಗೆ ಮಕ್ಳಿಲ್ಲ. ಎಣ್ಣೆ ಮುಗ್ದೋಗದೆ, ಅಷ್ಟೆ" ಎಂದ.

೨. ಸೈಕಲ್ಲಿನ ಪ್ರಶ್ನೆ

ಕೊಪ್ಪದಲ್ಲಿ ಮೂಗು ತಪ್ಪಿರಲಿಲ್ಲ. ಆರು ವರ್ಷದ ಹುಡುಗ ಮೈತುಂಬ ಗುಳ್ಳೆ ಎದ್ದು ಮಲಗಿದ್ದ. ಅಮ್ಮ ತಣ್ಣಗಾಗಲೆಂದು ಅವನ ಅಜ್ಜಿ ಬೀದಿಯ ಮಕ್ಕಳನ್ನೆಲ್ಲ ಕರೆದು, ಅವನ ಸುತ್ತ ಕೂರಿಸಿ, ಮೊಸರನ್ನ ಬಡಿಸುತ್ತಿದ್ದಳು. ಎದುರು ಮನೆಯ ಹೊಸ್ತಿಲಲ್ಲಿ ಒಬ್ಬ ಹೆಂಗಸು ಎಂಟು ತಿಂಗಳ ಕೂಸನ್ನು ಅವುಚಿಕೊಂಡು ನಿಂತಿದ್ದಳು. ಅವಳ ಹಿಂದಿನ ಎರಡು ಮಕ್ಕಳು ದಡಾರದಲ್ಲೇ ಹೋಗಿದ್ದವು. ಅಜ್ಜಿ ಅವಳನ್ನೂ ಕರೆದಿದ್ದಳು. ಹೋದರೆ ಕೂಸಿನ ಭಯ, ಹೋಗದಿದ್ದರೆ ಅಮ್ಮನ ಭಯ.

ಇದು ಕೆಮ್ಮು, ಉಸಿರಿನಿಂದ ಮಗುವಿನಿಂದ ಮಗುವಿಗೆ ಹಾರುತ್ತದೆ, ಬೇರೆ ಮಕ್ಕಳನ್ನು ಸೇರಿಸಬೇಡಿ, ಹುಡುಗನಿಗೆ ನೀರು ಗಂಜಿ ಕುಡಿಸುತ್ತಿರಿ, ಏದುಸಿರು ಬಂದರೆ ಆಸ್ಪತ್ರೆಗೆ ಕರೆತನ್ನಿ ಎಂದೆ. ಇದಕ್ಕೆ ತೋಳಿಗೆ ಚುಚ್ಚಿ ದಾಕು ಹಾಕುತ್ತೀಯಾ ಎಂದು ಅಜ್ಜಿ ಕೇಳಿದಳು. ಸಿಡುಬಿಗೆ ಉಂಟು, ಇದಕ್ಕಿಲ್ಲ ಎಂದೆ. ಔಷಧಿ? ಅದೂ ಇಲ್ಲ.

"ಮತ್ತೆ ಗೌರ್ಮೆಂಟು ನಿಂಗೆ ಸೈಕಲ್ಲು ಯಾಕ್ ಕೊಟ್ಟದೆ ಕಣಪ್ಪ?"

೩. ಬಾಗಿಲ ತಪಾಸಣೆ

ಅಷ್ಟರಲ್ಲಿ ಎದುರು ಮನೆಯವಳು ಹೊಸ್ತಿಲಿಂದಲೇ ಕೂಗಿ ಹೇಳಿದಳು.

"ಅಜ್ಜಿ, ಬೆಳಿಗ್ಗೆ ಸಾರಿಗೆ ಒಗ್ಗರಣೆ ಆಕಿವ್ನಿ ಕಣಜ್ಜಿ. ನನ್ ಸೀರೆ, ಕೂಸಿನ ಬಟ್ಟೆ ಎಲ್ಲಾ ಅದೇ ವಾಸ್ನೆ. ಅಮ್ಮನ ಮುಂದಕ್ಕೆ ಎಂಗ್ ಬರ್ಲಿ?"

ಅಜ್ಜಿಯ ಕೈಯ ಸೌಟು ನಿಂತಿತು. ಅವಳು ಕೂತಿದ್ದ ಮಕ್ಕಳ ತಲೆಯನ್ನು ಒಂದೊಂದಾಗಿ ಮೂಸಿದಳು. ಎಲ್ಲ ಮನೆಯಲ್ಲೂ ಒಗ್ಗರಣೆ ಆಗಿತ್ತು. ನನ್ನ ಮಾತಿಗೆ ಅಲುಗಾಡದ ಮಕ್ಕಳು ಒಂದೇ ನಿಮಿಷದಲ್ಲಿ ಬೀದಿಗೆ ಬಂದವು. ಅಂದಿನಿಂದ ಅಜ್ಜಿ ಬಾಗಿಲಲ್ಲಿ ಕೋಲು ಹಿಡಿದು ಕೂತು, ಬಂದವರನ್ನು ಮೂಸಿ ಹಿಂದಕ್ಕೆ ಕಳಿಸಿದಳು. ಮೂರನೆಯ ದಿನ ಹೋದಾಗ ನನ್ನನ್ನೂ ಮೂಸಿ, ಹೋಟೆಲಿನಲ್ಲಿ ಉಪ್ಪಿಟ್ಟು ತಿಂದದ್ದನ್ನು ಸರಿಯಾಗಿ ಹೇಳಿ, ಒಳಗೆ ಬಿಡಲಿಲ್ಲ. ಇಲಾಖೆಯಲ್ಲಿ ಅಂಥ ತಪಾಸಣೆಯನ್ನು ನಾನು ಕಂಡಿಲ್ಲ.

ಹುಡುಗ ಗುಣವಾದ. ಅಷ್ಟರಲ್ಲಾಗಲೇ ಮೊಸರನ್ನ ಉಂಡಿದ್ದವರಲ್ಲಿ ಮೂವರಿಗೆ ದಡಾರ ಎದ್ದು ವಾಸಿಯಾಯಿತು. ಎದುರು ಮನೆಯ ಕೂಸಿಗೆ ಬರಲಿಲ್ಲ. ಹನ್ನೆರಡನೆಯ ದಿನ ನನಗೆ ಬಂತು. ಮದ್ದೂರಿನ ನಮ್ಮ ಮನೆಯಲ್ಲಿ ಒಂಬತ್ತು ದಿನ ಒಗ್ಗರಣೆ ಹಾಕಲಿಲ್ಲ.