ನಿಲ್ಲಬಾರದ ಎಂಜಿನ್

ಇನ್ನೊಕೆಂತಿಯ ಕಷ್ಟಕ್ಕೆಲ್ಲ ಕಾರಣ ಒಂದು ಪೊಟ್ಟಣ ಚಹಾಪುಡಿ. ಅದನ್ನು ಕೊಳ್ಳಲು ಅವನು ಅಂಗಡಿಯೊಳಗೆ ಇದ್ದದ್ದು ಕೇವಲ ಆರು ನಿಮಿಷ. ಅಂಗಡಿಯ ಹೊರಗೋಡೆಯುದ್ದಕ್ಕೂ ಊರಿನ ಬಿಸಿನೀರಿನ ಕೊಳವೆ ಹಾದುಹೋಗಿತ್ತು. ಅದರ ಶಾಖದ ಆಸೆಗೆ ಒಂದೇ ಮಾದರಿಯ ಬಿಳಿ ಜಪಾನಿ ಕಾರುಗಳು, ಕೀಲಿ ಸಮೇತ, ಎಂಜಿನ್ ಆರಿಸದೆ, ಕಂಬಳಿ ಹೊದ್ದು ಗೊರಕೆ ಹೊಡೆಯುವ ಅಜ್ಜಂದಿರಂತೆ ಸಾಲಾಗಿ ನಿಂತಿದ್ದವು. ಸೂರ್ಯ ಮುಖ ತೋರಿಸಿ ಮೂರು ವಾರವಾಗಿತ್ತು. ಸೊನ್ನೆಗಿಂತ ಐವತ್ತೆರಡು ಡಿಗ್ರಿ ಕೆಳಗಿನ ಆ ಮಂಜಿನಲ್ಲಿ ತನ್ನ ಕೈ ತನಗೇ ಕಾಣುತ್ತಿರಲಿಲ್ಲ. ಇನ್ನೊಕೆಂತಿ ಕಾರು ಹತ್ತಿ ಮನೆ ಸೇರಿದ.

ಅಕ್ಟೋಬರಿನಿಂದ ಅವನು ಎಂಜಿನ್ನನ್ನು ಒಮ್ಮೆಯೂ ಆರಿಸಿರಲಿಲ್ಲ. ಆರಿದರೆ ಕಾರು ಏಪ್ರಿಲ್‌ವರೆಗೂ ಬಂಡೆಗಲ್ಲು. ಮರುದಿನ ಹೆಂಡತಿ ಆಕುಲೀನಾಳನ್ನು ಹೆಪ್ಪುಗಟ್ಟಿದ ನದಿಯ ಮೇಲೆ ತೊಂಬತ್ತು ಕಿಲೋಮೀಟರ್ ಕರೆದೊಯ್ದು, ಅತ್ತೆಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಮುಟ್ಟಿಸಬೇಕಿತ್ತು. ಕಳೆದ ಎರಡು ವರ್ಷವೂ ಹಿಂದಿನ ದಿನವೇ ಎಂಜಿನ್ ಕೈಕೊಟ್ಟು, ಅತ್ತೆ ಅಳಿಯನೊಂದಿಗೆ ಮಾತು ಬಿಟ್ಟಿದ್ದರು. ಈ ಸಲ ತನ್ನ ಉಸಿರು ನಿಂತರೂ ಎಂಜಿನ್ ನಿಲ್ಲಬಾರದೆಂದು ಅವನು ನಿರ್ಧರಿಸಿದ್ದ.

ಮನೆಯ ಮುಂದೆ ಎಂಜಿನ್ ಕೆಮ್ಮಿತು. ಪೆಟ್ರೋಲಿನ ಮುಳ್ಳು ಸೊನ್ನೆಗೆ ಮಲಗಿತ್ತು.

“ನಿನ್ನೆ ತಾನೆ ಟ್ಯಾಂಕ್ ತುಂಬಿಸಿದ್ನಲ್ಲ!”

“ಸೋರ್ತಿರ್ಬೇಕು ಕಣಯ್ಯ,” ಎನ್ನುತ್ತ ಪಕ್ಕದ ಮನೆಯ ಸ್ಪಿರಿದೋನ್ ಮಂಜಿನಿಂದ ಹೊರಬಂದ. “ಗುಜರಿ ಅಂದ್ರೆ ಹಿಂಗೇ. ಬಿಟ್ಬಿಡು, ಸಾಯ್ಲಿ.”

“ಬಾಯಲ್ಲಿ ಒಳ್ಳೇ ಮಾತು ಬರ್ಲಿ ಅಣ್ಣ. ಪೆಟ್ರೋಲ್ ಇದ್ರೆ ಕೊಡಿ.”

ಆರುತ್ತಿರುವ ಎಂಜಿನ್‌ಗೆ ಪೆಟ್ರೋಲ್ ಇಲ್ಲವೆನ್ನುವುದು ಆ ಸೀಮೆಯಲ್ಲಿ ಮಹಾಪಾಪ. ಸ್ಪಿರಿದೋನ್ ಗೊಣಗುತ್ತಲೇ ಕ್ಯಾನು, ರಬ್ಬರ್ ಕೊಳವೆ ಹಿಡಿದು, ಅಂಗಡಿಯ ಬಳಿ ನಿಂತಿದ್ದ ತನ್ನ ಕಾರಿನಿಂದ ಪೆಟ್ರೋಲ್ ಎಳೆದು ತಂದ. ನಾಳೆಯ ದಾರಿಗೂ ಬೇಕೆಂದು ಇನ್ನೊಕೆಂತಿ ಅವನನ್ನು ಮತ್ತೆರಡು ಸಲ ಓಡಿಸಿದ.

“ನನ್ನ ಟ್ಯಾಂಕಲ್ಲಿ ಇಷ್ಟೊಂದು ಇತ್ತಾ ಅಂತ ನಂಗೇ ಆಶ್ಚರ್ಯ!” ಎಂದ ಸ್ಪಿರಿದೋನ್. “ಬಿಸಿ ಕೊಳವೆ ಪಕ್ಕ ನಿಲ್ಸಿದ್ರೆ ಪೆಟ್ರೋಲೂ ಉಬ್ಬತ್ತೆ ಕಣೋ! ಸಂಜೆವರೆಗೆ ಆಗೋಷ್ಟು ಬಿಟ್ಟು ಬಂದಿದೀನಿ.”

ಸೋರಿಕೆ ಹುಡುಕಲು ಇನ್ನೊಕೆಂತಿ ಕಾರಿನಡಿಗೆ ನುಸುಳಿದ. ಉಸಿರಿನಿಂದ ಒದ್ದೆಯಾಗಿದ್ದ ಕತ್ತಿನ ಉಣ್ಣೆ ಮಫ್ಲರ್ ಕಬ್ಬಿಣಕ್ಕೆ ಕಚ್ಚಿಕೊಂಡು, ಗಾಳಕ್ಕೆ ಸಿಕ್ಕ ಮೀನಿನಂತೆ ಒದ್ದಾಡಿದ. ಸ್ಪಿರಿದೋನ್ ಬಿಸಿ ಚಹಾ ಸುರಿದು ಬಿಡಿಸಿದ. ಗಾಳಿ ಎದ್ದಾಗ ಇನ್ನೊಕೆಂತಿ ತನ್ನ ಹಿಮಸಾರಂಗದ ತೊಗಲಿನ ಹಾಸಿಗೆಯನ್ನೇ ತಂದು ಬಾನೆಟ್ಟಿಗೆ ಹೊದಿಸಿದ.

“ಹೆಂಡ್ತಿಗೂ ಇಷ್ಟು ಹೊದಿಸಿಲ್ಲ ನೀನು!”

“ಅವಳು ನಿಲ್ಲೋದೇ ಇಲ್ಲ ಅಣ್ಣ, ಬಿಡಿ.”

ಸಂಜೆ ಐದಕ್ಕೆ, ಶಿಶುವಿಹಾರದಲ್ಲಿ ಅಡುಗೆ ಮುಗಿಸಿ ಆಕುಲೀನಾ ನಡೆದು ಬಂದಳು. ರೆಪ್ಪೆಯ ಮೇಲೆ ಹಿಮ, ಕಣ್ಣಲ್ಲಿ ಬೆಂಕಿ.

“ರೀ, ನಮ್ ಕಾರನ್ನ ಅಂಗಡಿ ಹತ್ರ ಯಾಕ್ರೀ ಅನಾಥವಾಗಿ ಬಿಟ್ಟು ಬಂದ್ರಿ? ಟ್ಯಾಂಕಲ್ಲಿ ತೊಟ್ಟು ಪೆಟ್ರೋಲ್ ಇಲ್ಲ. ಎಂಜಿನ್ ಆರಿ ಕಲ್ಲಾಗಿದೆ!”

“ನಮ್ ಕಾರು ಇಲ್ಲಿದೆಯಲ್ಲೇ!”

ಸ್ಪಿರಿದೋನ್ ಬಗ್ಗಿ, ನಂಬರ್ ಪ್ಲೇಟಿನ ಹಿಮವನ್ನು ಉಗುರಿನಿಂದ ಕೆರೆದ. ಓದಿದ. ಇನ್ನೊಮ್ಮೆ ಓದಿದ.

“ಇದು ನಂದು,” ಎಂದ ಮೆಲ್ಲಗೆ. “ಹಂಗಾದ್ರೆ ಮೂರು ಕ್ಯಾನ್ ಎಳ್ದಿದ್ದು ನಿನ್ ಕಾರಿಂದ...”

ತುಂಬಿದ ಟ್ಯಾಂಕಿನ ಎಂಜಿನ್ ಸೊಗಸಾಗಿ ಗುರುಗುಟ್ಟುತ್ತಿತ್ತು.

“ಅಮ್ಮನಿಗೆ ಏನ್ ಹೇಳ್ಲಿ?” ಎಂದಳು ಆಕುಲೀನಾ.

“ಎಂಜಿನ್ ನಿಲ್ಲೋಕೆ ಬಿಡ್ಲಿಲ್ಲ ಅಂತ ಹೇಳು!” ಇನ್ನೊಕೆಂತಿ ಹಲ್ಲು ಕಚ್ಚಿದ. ಕಲ್ಲಾದರೇನು, ಬೆಳಗಿನೊಳಗೆ ತನ್ನ ಕಾರಿಗೂ ಜೀವ ಬರಿಸುವೆನೆಂದು ಬಾನೆಟ್ಟಿನ ಮೇಲಿದ್ದ ಹಾಸಿಗೆಗೆ ಕೈ ಹಾಕಿದ.

ಸ್ಪಿರಿದೋನ್ ಅವನ ಕೈ ಹಿಡಿದ. “ಅದು ಅಲ್ಲೇ ಇರ್ಲಿ ಕಣೋ. ಪಾಪ, ನನ್ನ ಎಂಜಿನ್‌ಗೆ ಅಭ್ಯಾಸ ಆಗ್ಬಿಟ್ಟಿದೆ.”